ಸಾರಿಸಿದ ಕಟ್ಟೆ

ಉಪ್ಪುನೀರಿಗೆ ಆಲೂಗಡ್ಡೆ ಹಾಕುವಾಗ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ.

ಆ ಬೇಸಿಗೆ ಕೃಷಿ ಕಾಲೇಜಿನ ಹುಡುಗಿಯರು ನಮ್ಮ ದಾಸನಕೊಪ್ಪದಲ್ಲೇ ಉಳಿದು ರೈತರಿಗೆ ಹೊಸ ಪದ್ಧತಿ ಹೇಳಿಕೊಡುತ್ತಿದ್ದರು. ಅವರಲ್ಲೊಬ್ಬಳು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ನನಗೆ ಜಡೆ ಹಾಕುತ್ತಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಬಿತ್ತನೆ ಭತ್ತ ಆರಿಸುವುದನ್ನು ತೋರಿಸಲು ಅಕ್ಕ ನಮ್ಮ ಅಂಗಳದಲ್ಲಿ ಬಕೆಟ್ ಇಟ್ಟು ಕಲ್ಲುಪ್ಪು ಕದಡಿದಳು. ಓಣಿಯವರೆಲ್ಲ ಸುತ್ತ ನಿಂತಿದ್ದರು. "ಉಪ್ಪು ಸಾಕಾತೋ ಇಲ್ಲೋ ಇದು ಹೇಳ್ತೈತ್ರಿ. ಇದು ತೇಲಿದ ಮ್ಯಾಲೆ ಭತ್ತ ಸುರೀರಿ, ಜೊಳ್ಳೆಲ್ಲ ಮ್ಯಾಲೆ ಬರ್ತೈತಿ," ಎನ್ನುತ್ತ ಚೀಲದಿಂದ ಕೋಳಿಮೊಟ್ಟೆ ತೆಗೆದಳು.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಅಂಗಳಕ್ಕೆ ಮೊಟ್ಟೆ ಬಂದಿದ್ದೇ ಇಲ್ಲ. ಅಜ್ಜಿ ಎದ್ದು ನಿಂತಳು.

"ನೀ ಯಾರ ಪೈಕಿ?"

ಅಕ್ಕ ಮುಚ್ಚಿಡದೆ ಹೇಳಿದಳು.

"ಇರ್ಲಿ ಬಿಡವ್ವಾ," ಎಂದು ಅಪ್ಪ ಗೊಣಗಿದ. ಅಜ್ಜಿ ಕೇಳಲಿಲ್ಲ. ಸಗಣಿ ಕಲಸಿ, ಅಕ್ಕ ದಿನಾ ಕೂರುತ್ತಿದ್ದ ಕಟ್ಟೆಯನ್ನು ಅವಳೆದುರಿಗೇ ಸಾರಿಸಿದಳು. ಅಕ್ಕ ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮರುದಿನ ಅವಳು ಆಲೂಗಡ್ಡೆ ಹಿಡಿದು ಬಂದಳು. ಅದೂ ತೇಲಿತು. ಗಟ್ಟಿ ಕಾಳು ತಳಕ್ಕಿಳಿಯಿತು, ಜೊಳ್ಳನ್ನು ಅವಳೇ ಬಳಿದು ತೆಗೆದಳು. ಅಪ್ಪ ನೆಲ ನೋಡುತ್ತಲೇ, "ಕಟ್ಟೆ ಮ್ಯಾಲೆ ಕುಂದ್ರು ಬಾ ತಂಗಿ, ಚಾ ಕುಡದು ಹೋಗೂವಂತಿ," ಅಂದ.

"ಬ್ಯಾಡ್ರಿ ಕಾಕಾ, ಕಟ್ಟೆ ಇನ್ನೂ ಹಸಿ ಇರಬೇಕು."

ಆ ಬಿಸಿಲಿಗೆ ಅದು ಹಿಂದಿನ ದಿನವೇ ಒಣಗಿತ್ತು. ನಾನು ಬಾಚಣಿಗೆ ಹಿಡಿದು ಅದರ ಮೇಲೇ ಕೂತಿದ್ದೆ.