ಕೈ ನಡುಕ

ಸೇತುವೆ ದಾಟಿ ರಸ್ತೆ ಇಳಿಜಾರಾಗುವಲ್ಲಿ ಜೀಪಿನ ಮುಂದಿನ ಚಕ್ರ ಒಂದು ಸಣ್ಣ ಗುಂಡಿಗೆ ಇಳಿದು ಎದ್ದಿತು, ಅಷ್ಟೇ. ಮರುಗಳಿಗೆಗೆ ಸ್ಟೇರಿಂಗು ಮೆಕ್ಯಾನಿಕ್‌ನ ಅಂಗೈಯಿಂದ ಚಿಮ್ಮಿ, ಹಗ್ಗ ಹರಿದ ಹೋರಿಯ ಹಾಗೆ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಬಾಗಿಲು ಗಡಗಡ, ಗಾಜು ಗಡಗಡ, ಬಾಯೊಳಗಿನ ಹಲ್ಲೂ ಗಡಗಡ. ಇಪ್ಪತ್ತೆರಡು ವರ್ಷ ಗಾಡಿಗಳ ಹೊಟ್ಟೆಯಡಿಯಲ್ಲೇ ಬದುಕಿದವನಿಗೂ ಜೀವ ಬಾಯಿಗೆ ಬಂತು. ಆಕ್ಸಿಲರೇಟರ್ ಬಿಟ್ಟು, ಬ್ರೇಕನ್ನು ಹಗುರಾಗಿ ಮುಟ್ಟುತ್ತಾ, ಹೇಗೋ ರಸ್ತೆಯಂಚಿಗೆ ತಂದು ನಿಲ್ಲಿಸಿದ.

ಪಕ್ಕದ ಸೀಟಿನಲ್ಲಿದ್ದ ಅತ್ತಿಗೆ ರಸ್ತೆಯನ್ನು ನೋಡುತ್ತಿರಲಿಲ್ಲ. ಅವನ ಕೈಗಳನ್ನೇ ನೋಡುತ್ತಿದ್ದಳು.

"ನಿನ್ನ ಕೈಯೂ ನಡುಗುತ್ತಾ?"

"ಕೈಯಲ್ಲ ಅತ್ತಿಗೆ, ಗಾಡಿ! ಯಾರು ಓಡಿಸಿದ್ರೂ ಹೀಗೇ ಆಗುತ್ತೆ. ಎಷ್ಟು ದಿನದಿಂದ ಇದೆ ಇದು?"

"ಏಳು ತಿಂಗಳು. ಜೀಪು ಎತ್ತರ ಮಾಡಿದಾಗಿಂದ. ‘ಗಾಡಿ ಸರಿಯಾಗೇ ಇದೆ, ನಿನ್ನ ಕೈಯೇ ನಡುಗೋದು’ ಅಂತಾರೆ ನಿಮ್ಮಣ್ಣ. ಇವತ್ತು ಬೆಳಿಗ್ಗೆ ಎದುರಿಗೆ ಶಾಲೆ ಬಸ್ಸು ಬಂತು ನೋಡು... ಅದಕ್ಕೇ ಅವರಿಗೆ ಹೇಳದೆ ನಿನ್ನ ಹತ್ರ ಬಂದೆ."

ಜೀಪನ್ನು ನಾಲ್ಕು ಅಂಗುಲ ಎತ್ತರಿಸಿದ್ದು ಅಣ್ಣನೇ, ಎರಡು ಭಾನುವಾರ ಮನೆಯ ಹಿಂದಿನ ಅಂಗಳದಲ್ಲಿ. ಆಮೇಲೆ ಕಂಡಕಂಡವರನ್ನೆಲ್ಲ ಕರೆದು ತೋರಿಸಿದ್ದ. ಮೆಕ್ಯಾನಿಕ್‌ಗೆ ಹತ್ತನೇ ವಯಸ್ಸಿನಲ್ಲಿ ಸ್ಪ್ಯಾನರ್ ಹಿಡಿಯಲು ಕಲಿಸಿದವನೂ ಅವನೇ. ಅಣ್ಣ ಬಿಗಿದ ಬೋಲ್ಟನ್ನು ಇನ್ನೊಬ್ಬರು ಮುಟ್ಟಿ ನೋಡುವ ಅಗತ್ಯವಿಲ್ಲ ಎಂದೇ ತಮ್ಮ ಈವರೆಗೆ ನಂಬಿದ್ದ.

ಆಮೆಯ ನಡಿಗೆಯಲ್ಲಿ ವರ್ಕ್‌ಶಾಪಿಗೆ ತಂದರು. ಟೈರಿನ ಗಾಳಿ ನೋಡಿದ, ಸರಿಯಿತ್ತು. ಅತ್ತಿಗೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ನಿಲ್ಲಿಸಬೇಡಿ" ಎಂದು ಹೇಳಿ ತಾನು ಕೆಳಗೆ ತೂರಿದ. ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು, ಡಾಕ್ಟರು ನಾಡಿ ನೋಡುವ ಹಾಗೆ ಕಾದ. ಮೊದಲ ಮೂರರಲ್ಲಿ ಏನೂ ಇಲ್ಲ. ನಾಲ್ಕನೆಯದರಲ್ಲಿ ಸಿಕ್ಕಿತು: ಠಕ್. ಠಕ್. ಮುಂದಿನ ಆಕ್ಸಲ್ ಅತ್ತಿತ್ತ ಸರಿಯದಂತೆ ಚಾಸಿಗೆ ಅಡ್ಡಲಾಗಿ ಹಿಡಿದಿಡುವ ಕಂಬಿ ಅದು. ಅದರ ಬೋಲ್ಟು ಸಡಿಲಾಗಿ, ದುಂಡಗಿನ ತೂತನ್ನು ತಿಂದು ತಿಂದು ಮೊಟ್ಟೆಯಾಕಾರ ಮಾಡಿತ್ತು. ಟಾರ್ಚನ್ನು ಇನ್ನೂ ಹತ್ತಿರ ಹಿಡಿದ. ಕಂಬಿಯನ್ನು ಹೊತ್ತ ಬ್ರಾಕೆಟ್ಟಿನ ಬೆಸುಗೆ ಮುಕ್ಕಾಲು ಭಾಗ ಬಿರಿದಿತ್ತು. ಉಳಿದ ಕಾಲು ಭಾಗದ ಮೇಲೆ ಅತ್ತಿಗೆ ಏಳು ತಿಂಗಳು ಘಾಟಿ ಹತ್ತಿ ಇಳಿದಿದ್ದಳು.

ಹೊರಗೆ ಬಂದು ಕಂಡದ್ದನ್ನು ಹೇಳಿದ. ಅತ್ತಿಗೆ ಸೀಟಿನಿಂದ ಇಳಿಯಲೇ ಇಲ್ಲ.

"ನಾನು ಮಕ್ಕಳ ವಾರ್ಡು ಬಿಟ್ಟುಬಿಟ್ಟೆ ಕಣೋ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಹತ್ತೊಂಬತ್ತು ವರ್ಷದಿಂದ ನರ್ಸು ಆಕೆ. ಹುಟ್ಟಿ ಎರಡು ದಿನವಾದ ಕೂಸಿನ, ದಾರದೆಳೆಯಂಥ ರಕ್ತನಾಳಕ್ಕೂ ಒಂದೇ ಸಲಕ್ಕೆ ಸೂಜಿ ಹಾಕುವವಳು. ಕಷ್ಟದ ಕೂಸು ಬಂದರೆ ಡಾಕ್ಟರುಗಳೇ ಆಕೆಯನ್ನು ಹುಡುಕಿಕೊಂಡು ಬರುತ್ತಿದ್ದರು.

"ನಡುಗೋ ಕೈಯಲ್ಲಿ ಮಕ್ಕಳನ್ನ ಹೇಗೆ ಮುಟ್ಟಲಿ? ನಾನೇ ಬರ್ಕೊಟ್ಟೆ. ಈಗ ಕಡತದ ಕೋಣೇಲಿ ಕೂತಿರ್ತೀನಿ. ನರದ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು."

ಅವನು ಮತ್ತೆ ಬಗ್ಗಿ ಜೀಪಿನ ಕೆಳಗೆ ಟಾರ್ಚ್ ಬಿಟ್ಟ. ಕೆಸರು ಮೆತ್ತಿದ ಕಬ್ಬಿಣಗಳ ನಡುವೆ ಹೊಳೆಯುವ ಹೊಸ ಕೊಳವೆಯೊಂದು ಕಣ್ಣಿಗೆ ಬಿತ್ತು. ಸ್ಟೇರಿಂಗಿನ ಡ್ಯಾಂಪರ್.

"ಇದನ್ನ ಯಾರು ಹಾಕಿದ್ದು?"

"ಅದಾ? ನಿಮ್ಮಣ್ಣನೇ. ನಾಲ್ಕು ತಿಂಗಳಾಯ್ತು. ಏನ್ರೀ ಅದು ಅಂತ ಕೇಳಿದ್ರೆ, ನಿಂಗೆ ಅರ್ಥ ಆಗಲ್ಲ ಅಂದ್ರು. ಏನು ಮಾಡುತ್ತೆ ಅದು?"

ಸುಳ್ಳು ಹೇಳಲೆಂದು ಬಾಯಿ ತೆರೆದವನು ನಿಜವನ್ನೇ ಹೇಳಿದ. "ನಡುಕ... ನಡುಕ ಕಮ್ಮಿ ಮಾಡುತ್ತೆ ಅತ್ತಿಗೆ."

"ಯಾರ ನಡುಕ?"

ಅವನು ತಲೆಯೆತ್ತಲಿಲ್ಲ. "ಏನೋ ಗೊತ್ತಾಗದೆ ಹಾಕಿರ್ತಾನೆ ಅಣ್ಣ" ಎಂದು ಗೊಣಗಿದ. ಅಣ್ಣನ ಪರವಾಗಿ ಅವನ ಬಳಿ ಇದ್ದದ್ದು ಅಷ್ಟೇ.

"ಹಾಗಾದ್ರೆ ಅವರನ್ನೇ ಕೇಳೋಣ. ಫೋನ್ ಮಾಡು. ನಾನು ಇಲ್ಲಿರೋದು ಹೇಳಬೇಡ. ಗಾಡೀಲಿ ಏನೂ ತೊಂದರೆ ಇಲ್ಲ, ನೀನೇ ಬಂದು ಓಡಿಸ್ಕೊಂಡು ಹೋಗು ಅನ್ನು."

ಅಣ್ಣ ಬರುತ್ತೇನೆ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ ಫೋನ್ ಮಾಡಿ, ಸ್ಪೀಕರ್ ಒತ್ತಿ, ಮೊಬೈಲನ್ನು ಬಾನೆಟ್ಟಿನ ಮೇಲಿಟ್ಟ.

"ಅಣ್ಣಾ, ಅತ್ತಿಗೆ ಜೀಪು ಬಿಟ್ಟು ಹೋಗಿದಾರೆ. ನೋಡ್ದೆ, ಎಲ್ಲಾ ಸರಿಯಾಗಿದೆ. ಸಂಜೆ ನೀನೇ ಬಂದು ತಗೊಂಡು ಹೋಗ್ತೀಯಾ?"

ಆ ಕಡೆ ಅಣ್ಣ ಹಗುರಾಗಿ ನಕ್ಕ.

"ನಾನಾ? ಆ ಘಾಟಿ ರಸ್ತೇಲಾ? ಬೇಡಪ್ಪ, ನನ್ನ ಕೈಲಾಗಲ್ಲ. ನಿಮ್ಮತ್ತಿಗೇನೇ ತರಲಿ ಬಿಡು, ಅವಳಿಗೆ ರೂಢಿ ಆಗಿದೆ."