ಹಳ್ಳದ ಬದಿಯ ಪಂಪು

ಡೀಸೆಲ್ ಪಂಪಿನ ಹ್ಯಾಂಡಲ್ ಮತ್ತೆ ಹಿಂದಕ್ಕೆ ಹೊಡೆದು ಪಂಚಮಿಯ ಮುಂಗೈಗೆ ಬಡಿಯಿತು. ಹಳ್ಳದ ಆಚೆ ದಡದಲ್ಲಿ ನಿಂತಿದ್ದ ದಾಮೋದರ ನಕ್ಕ. "ಬಿಡು ಹುಡುಗಿ, ಮನೆಗೆ ಹೋಗಿ ಪಿಯುಸಿ ಪರೀಕ್ಷೆಗೆ ಓದ್ಕೋ. ಇದು ಗಂಡಸರ ಕೆಲಸ." ಹೋದ ವರ್ಷ ಇದೇ ಪಂಪಿನ ಪಕ್ಕದಲ್ಲಿ, ನೀರಿನ ಜಗಳದಲ್ಲಿ, ಅವನ ತಮ್ಮ ಪಂಚಮಿಯ ಅಪ್ಪನನ್ನು ಕತ್ತಿಯಿಂದ ಕಡಿದು ಕೊಂದಿದ್ದ. ಆ ತಮ್ಮ ಈಗ ಜೈಲಿನಲ್ಲಿದ್ದಾನೆ.

ಅಂದಿನಿಂದ ಅಮ್ಮ ಭಾಗೀರಥಿ ಹಳ್ಳಕ್ಕೆ ಇಳಿದಿರಲಿಲ್ಲ. ಈಗಲೂ ಮೇಲಿನ ಕಾಫಿ ಸಾಲಿನಲ್ಲೇ ಒಂದು ರೆಂಬೆ ಹಿಡಿದು ನಿಂತು, "ಬಾರೇ, ಬೆಳೆ ಹೋದ್ರೆ ಹೋಗ್ಲಿ" ಎನ್ನುತ್ತಿದ್ದಳು. ಆ ರೆಂಬೆಯ ತುಂಬ ಮೊಗ್ಗು. ಮೊಗ್ಗು ಅರಳಿಸುವ ಹೂಮಳೆ ಈ ಸಲ ಬಂದಿಲ್ಲ, ಈ ವಾರ ನೀರು ಬೀಳದಿದ್ದರೆ ಅವು ಅರಳದೆ ಕರಟಿಹೋಗುತ್ತವೆ.

"ಅಮ್ಮಾ, ಇದು ಒಬ್ಬರ ಕೈಲಿ ಆಗಲ್ಲ," ಪಂಚಮಿ ಕೂಗಿದಳು. "ಅಪ್ಪ ಹ್ಯಾಂಡಲ್ ತಿರುಗಿಸುವಾಗ ಇಂಜಿನ್ ಮೇಲಿನ ಲಿವರ್ ಬೀಳಿಸ್ತಿದ್ದೋಳು ನೀನೇ ಅಲ್ವಾ?"

ಭಾಗೀರಥಿ ರೆಂಬೆ ಬಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದು ಬಂದಳು. ಗಂಡ ಬಿದ್ದಿದ್ದ ಜಾಗದಲ್ಲೇ ಕಾಲೂರಿ ಲಿವರ್ ಹಿಡಿದಳು. "ತಿರುಗ್ಸು. ಇನ್ನೂ ಜೋರು. ನಾನು ಹೇಳೋ ತನಕ ನಿಲ್ಲಿಸ್ಬೇಡ." ಅವಳು ಲಿವರ್ ಬೀಳಿಸಿದ್ದೇ ಇಂಜಿನ್ ಗುಡುಗಿತು. ಪೈಪು ಮಿಸುಕಾಡಿತು. ಮೇಲೆ ಸ್ಪ್ರಿಂಕ್ಲರ್‌ನಿಂದ ಚಿಮ್ಮಿದ ನೀರು ಗಿಡಗಳ ಮೇಲೆಲ್ಲ ಸುತ್ತಿ, ಹಳ್ಳವನ್ನೂ ದಾಟಿತು.

ದಾಮೋದರನ ಮನೆಯವರೊಡನೆ ವರ್ಷದಿಂದ ಒಂದು ಮಾತೂ ಆಡದಿದ್ದ ಭಾಗೀರಥಿ ಇಂಜಿನ್ನಿನ ಸದ್ದು ಮೀರಿ ಕೂಗಿದಳು: "ಸರ್ಕೊಳ್ಳಿ ದಾಮೋದರಣ್ಣ, ನೆನೀತೀರಿ! ನಾವು ಸಂಜೆವರೆಗೂ ನಿಲ್ಲಿಸಲ್ಲ."