ಒಂದೇ ಡಬ್ಬಿ

"ಎರಡು ಬಾಟಲಿ ಕೊಟ್ಟಿದ್ನಲ್ಲ, ಎಲ್ಲಿ ಅವು?" ಎಂದು ನರ್ಸ್ ಪ್ರಮೀಳಾ ಕೇಳಿದ್ದಕ್ಕೆ ಶಾಂತಾದೇವಿ ಒಳಗಿನಿಂದ ಒಂದೇ ಒಂದು ಸ್ಟೀಲ್ ಡಬ್ಬಿ ತಂದಿಟ್ಟರು. ಮುಚ್ಚಳ ತೆಗೆದರೆ ಒಂದೇ ಬಣ್ಣದ, ಒಂದೇ ಗಾತ್ರದ ಬಿಳಿ ಗುಳಿಗೆಗಳೆಲ್ಲ ಬೆರೆತು ಕೂತಿದ್ದವು.

"ಬಾಟ್ಲಿ ಭಾಳ ಚೆನ್ನಾಗಿದ್ವು. ತೊಳೆದು ಒಂದ್ರಾಗೆ ಜೀರಿಗೆ, ಒಂದ್ರಾಗೆ ಸಾಸಿವೆ ಹಾಕೀನಿ," ಎಂದರು ಶಾಂತಾದೇವಿ.

ಸಕ್ಕರೆ ಕಾಯಿಲೆಯವರ ಅಂಗಾಲು ಉರಿಗೆ ಒಂದು ವಿಟಮಿನ್ ಗುಳಿಗೆ ನಿಜಕ್ಕೂ ನಾಟುತ್ತದೆಯೇ ಎಂದು ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿದ್ದ ಸಂಶೋಧನೆ ಅದು. ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ನೋಡಲು ಅದರಂತೆಯೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದೆಂಬುದು ಬಾಟಲಿಯ ನಂಬರಿಗಷ್ಟೇ ಗೊತ್ತು. ದೊಡ್ಡೂರಿನ ದೊಡ್ಡಾಸ್ಪತ್ರೆಗಳ ಜೊತೆ ತಮ್ಮ ಪುಟ್ಟ ಆಸ್ಪತ್ರೆಯನ್ನೂ ಸೇರಿಸಿಕೊಳ್ಳಿ ಎಂದು ಮೂರು ಸಲ ಪತ್ರ ಬರೆದವಳು ಪ್ರಮೀಳಾ. ಇಪ್ಪತ್ತು ಜನ ಇರಲೇಬೇಕೆಂಬ ಷರತ್ತಿಗೆ ನಲ್ಲೂರಿನಿಂದ ಉಬ್ರಾಣಿವರೆಗೆ ಸ್ಕೂಟಿ ಓಡಿಸಿ, ಸರಿಯಾಗಿ ಇಪ್ಪತ್ತು ಜನರನ್ನು ಹಿಡಿದಿದ್ದಳು. ಈ ಗಂಡ ಹೆಂಡತಿಯೂ ಸೇರಿ.

"ಯಾಕೆ ಬೆರೆಸಿದ್ರಿ, ಯಜಮಾನ್ರೆ?"

ಶಾಂತಾದೇವಿಯ ಗಂಡ ಕೊಟ್ರಬಸಪ್ಪನವರು ಗಂಟಲು ಸರಿಮಾಡಿಕೊಂಡರು. ಕಿರಾಣಿ ಅಂಗಡಿಯ ಗಲ್ಲಾದಲ್ಲಿ ನಲವತ್ತು ವರ್ಷ ಕೂತು, ಊರವರ ದನಿಯನ್ನೆಲ್ಲ ಸ್ಟಾಕು ಮಾಡಿಟ್ಟುಕೊಂಡಿದ್ದ ಮನುಷ್ಯ. ಆಸ್ಪತ್ರೆಯ ಡಾಕ್ಟರ್ ಸುಚಿತ್ರಾ ಅವರ ಮೂಗಿನ ದನಿಯಲ್ಲೇ ಶುರುಮಾಡಿದರು: "'ನೋಡಿ, ಯಾರದ್ದು ಔಷಧಿ, ಯಾರದ್ದು ಖಾಲಿ ಅಂತ ನಿಮಗೂ ಗೊತ್ತಿರಲ್ಲ, ಸಿಸ್ಟರ್‌ಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ.' ಹಂಗಂದ್ರೋ ಇಲ್ಲೋ? ಯಾರಿಗೂ ಗೊತ್ತಿಲ್ಲದ್ದನ್ನ ಬೆರೆಸಿದ್ರೆ ಯಾರಿಗೆ ಗೊತ್ತಾಗ್ತೈತ್ರೀ?"

ಪ್ರಮೀಳಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ. "ನಂಬರಿಗೆ ಗೊತ್ತಿರ್ತಿತ್ತು," ಎಂದಳು.

ಅವರು ದನಿ ಬದಲಿಸಿದರು. ಈ ಸಲದ್ದು ಅವರದೇ. "ತಿಂಗಳಿಗೇ ನನ್ನ ಕಾಲು ತಣ್ಣಗಾತು ಸಿಸ್ಟರ್. ಇವಳು ನೋಡಿದ್ರೆ ದಿನಾ ಒದ್ದೆ ಬಟ್ಟೆ ಸುತ್ಕೊಂಡು ಕೂರೋಳು. ಖಾಲಿದು ಇವಳ ಪಾಲಿಗೇ ಬಂದೈತೆ ಅಂತ ಗ್ಯಾರಂಟಿ ಆತು. ನನ್ನ ಬಾಟ್ಲಿ ಕೊಡಾಕೆ ಹೋದ್ರೆ ತಗಳ್ಳಲಿಲ್ಲ."

"ಆಮೇಲೆ ಇವರು ಉರ್ಕೊಂಡು ಕೂತ್ರೆ ನಾನು ನೋಡ್ಬೇಕಾ?" ಎಂದರು ಶಾಂತಾದೇವಿ. "ಅದಕ್ಕೇ ಎರಡೂ ಸುರುವಿ ಕೈಯಾಡಿಸಿಬಿಟ್ಟೆ. ಬಂದದ್ದು ಇಬ್ರಿಗೂ ಬರ್ಲಿ."

ಪ್ರಮೀಳಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಬ್ಬರನ್ನು ಬಿಟ್ಟರೆ ಹದಿನೆಂಟು. ಹದಿನೆಂಟಾದರೆ ಆಸ್ಪತ್ರೆಯ ಹೆಸರು ಪಟ್ಟಿಯಿಂದ ಆಚೆ.

ಅವಳ ಮುಖ ಬಾಡಿದ್ದನ್ನು ಕೊಟ್ರಬಸಪ್ಪನವರು ನೋಡಿದರು. "ಸರಿಯಾಗೇ ತಗಂಡಾರೆ ಅಂತ ಬರ್ಕೊಂಡು ಹೋಗ್ರಿ ಸಿಸ್ಟರ್. ಯಾರಾದ್ರೂ ಕೇಳಾಕೆ ಬಂದ್ರೆ ನಾವೂ ಹಂಗೇ ಹೇಳ್ತೀವಿ. ಯಾರ ದನ್ಯಾಗೆ ಹೇಳ್ಬೇಕು, ಅಷ್ಟು ಹೇಳ್ರಿ."

ಅವಳ ಬೆರಳು ಫೋನಿನಲ್ಲಿದ್ದ ಸಂಶೋಧನೆಯ ಫಾರಂ ಮೇಲೆ ನಿಂತಿತು. 'ಸರಿಯಾಗಿ ಸೇವಿಸಿದ್ದಾರೆ' ಎಂಬಲ್ಲಿ ಒಂದು ಸಲ ಒತ್ತಿದ್ದರೆ ಸಾಕಿತ್ತು.

"ಬೇಡ ಯಜಮಾನ್ರೆ. ನಾನು ಇವತ್ತು ಸುಳ್ಳು ಬರೆದ್ರೆ, ನಾಳೆ ಅದನ್ನ ಯಾರೋ ಔಷಧಿ ಅಂತ ನುಂಗ್ತಾರೆ."

'ಸರಿಯಾಗಿ ಸೇವಿಸಿಲ್ಲ' ಎಂಬುದನ್ನು ಒತ್ತಿದಳು. ಕಾರಣ ಆರಿಸಿ ಎಂದಿತು ಫೋನು. ಮರೆತರು. ಕಳೆದುಕೊಂಡರು. ವಾಂತಿಯಾಯಿತು. ನಿರಾಕರಿಸಿದರು. ಯಾವುದೂ ಇವರಿಗೆ ಒಪ್ಪುವಂತಿರಲಿಲ್ಲ. ಕೊನೆಯಲ್ಲಿ 'ಇತರೆ' ಎಂದು ಒಂದು ಖಾಲಿ ಚೌಕವಿತ್ತು.

"ಏನಂತ ಬರೀಲಿ, ನೀವೇ ಹೇಳ್ರಿ."

ಕೊಟ್ರಬಸಪ್ಪನವರು ಹೆಂಡತಿಯ ಕಡೆ ನೋಡಿದರು. ಶಾಂತಾದೇವಿ ಡಬ್ಬಿಯ ಮುಚ್ಚಳ ಒತ್ತಿ, ಅದನ್ನು ಪ್ರಮೀಳಾಳ ಕೈಗಿಟ್ಟರು.

"ಹಂಚ್ಕೊಂಡು ತಿನ್ನೋ ಅಭ್ಯಾಸ ಅಂತ ಬರೀರಿ," ಎಂದರು.